ತೊಂಬತ್ತೊಂಬತ್ತರ ಲೆಕ್ಕ



ಈ ವರ್ಷ ಪಾಸ್ಖ ಹಬ್ಬ ಮುಗಿದ ಮೇಲೆ ನಮ್ಮ ಯುವಕೂಟದ ಐದಾರು ಜನ ಸೇರಿ ಒಂದು ಇಂಗ್ಲಿಷ್ ಧಾರಾವಾಹಿ ನೋಡಲು ಶುರುಮಾಡಿದೆವು. ಶನಿವಾರ ರಾತ್ರಿ ಎರಡೆರಡು ಕಂತು. ಆಗಮನಕಾಲದ ಮೊದಲ ಮೇಣದಬತ್ತಿ ಹಚ್ಚುವ ಹೊತ್ತಿಗೆ ಅರವತ್ತೂ ಕಂತು ಮುಗಿದಿದ್ದವು. ಧಾರಾವಾಹಿಯ ಹೆಸರು ‘ದಿ ವೈರ್’. ಅಮೆರಿಕದ ಬಾಲ್ಟಿಮೋರ್ ನಗರದ ಪೊಲೀಸರ ಕಥೆ. ಯುವಕೂಟದವರು ಜಪಸರ ಬಿಟ್ಟು ಪೊಲೀಸರ ಕಥೆ ನೋಡುತ್ತಾ ಕೂತರೇ ಎಂದು ಹಿರಿಯರು ಕೇಳಬಹುದು. ಒಂದಿಬ್ಬರು ಕೇಳಿಯೂ ಇದ್ದಾರೆ. ಅವರಿಗೆ ಉತ್ತರ ಹೇಳೋಣವೆಂದು ಕೂತಾಗ ಹೇಳಬೇಕಾದದ್ದು ಬೇರೆಯೇ ಇದೆ ಎಂದು ಗೊತ್ತಾಯಿತು.

ಮೊದಲೇ ಒಂದು ಎಚ್ಚರಿಕೆ. ಇದು ಮನೆಮಂದಿಯೆಲ್ಲ ಕೂತು ನೋಡುವಂಥದ್ದಲ್ಲ. ಬೈಗುಳ, ರಕ್ತ, ನಾಚಿಕೆ ತರುವ ದೃಶ್ಯಗಳು ಇವೆ. ಮಕ್ಕಳಿಗೆ ಖಂಡಿತ ಬೇಡ. ನೋಡಿರೆಂದು ನಾವು ಯಾರಿಗೂ ಶಿಫಾರಸು ಮಾಡುತ್ತಿಲ್ಲ. ಅದು ನಮ್ಮ ಮುಂದಿಟ್ಟ ಒಂದು ಪ್ರಶ್ನೆಯನ್ನು ಮಾತ್ರ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಕಥೆ ಕಟ್ಟಿದವರು ಯಾರು?

ಈ ಧಾರಾವಾಹಿ ಎಚ್‌ಬಿಒ ವಾಹಿನಿಯಲ್ಲಿ 2002ರಿಂದ 2008ರವರೆಗೆ ಐದು ಭಾಗಗಳಲ್ಲಿ ಬಂತು. ಇದನ್ನು ಕಟ್ಟಿದ ಡೇವಿಡ್ ಸೈಮನ್ ಬಾಲ್ಟಿಮೋರಿನ ದಿನಪತ್ರಿಕೆಯಲ್ಲಿ ಅಪರಾಧ ಸುದ್ದಿ ಬರೆಯುತ್ತಿದ್ದವರು. ಅವರ ಜೊತೆಗಾರ ಎಡ್ ಬರ್ನ್ಸ್ ಅದೇ ನಗರದ ಪೊಲೀಸ್ ಪತ್ತೇದಾರ. ನಿವೃತ್ತಿಯ ನಂತರ ಸರ್ಕಾರಿ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಸಿನಿಮಾ ಪೊಲೀಸರನ್ನು ನೋಡಿ ಬರೆದ ಕಥೆ ಇದಲ್ಲ. ಇಪ್ಪತ್ತು ವರ್ಷ ಆ ಬೀದಿಗಳಲ್ಲಿ ನಡೆದವರು ಬರೆದದ್ದು.

ನಾವು ಚಿಕ್ಕಂದಿನಿಂದ ನೋಡಿದ ಪೊಲೀಸ್ ಕಥೆಗಳಲ್ಲಿ ಒಂದು ಗಂಟೆಯೊಳಗೆ ಕಳ್ಳ ಸಿಕ್ಕಿಬೀಳುತ್ತಾನೆ, ಊರು ನೆಮ್ಮದಿಯಾಗುತ್ತದೆ. ಇಲ್ಲಿ ಒಂದು ಮೊಕದ್ದಮೆಗೆ ಒಂದು ಇಡೀ ಭಾಗ ಬೇಕು. ಕೊನೆಗೆ ಸಿಕ್ಕಿಬೀಳುವವರು ಸಣ್ಣವರು. ಅವರು ನಿಲ್ಲುತ್ತಿದ್ದ ಮೂಲೆಯಲ್ಲಿ ಮರುದಿನವೇ ಬೇರೆ ಹುಡುಗರು ನಿಂತಿರುತ್ತಾರೆ. ಮೊದಲ ಭಾಗ ಮಾದಕವಸ್ತು ಮಾರುವ ಬೀದಿಗಳದ್ದು, ಎರಡನೆಯದು ಬಂದರಿನದ್ದು, ಮೂರನೆಯದು ಅಧಿಕಾರ ಮತ್ತು ರಾಜಕೀಯದ್ದು, ನಾಲ್ಕನೆಯದು ಶಾಲೆಯದ್ದು, ಐದನೆಯದು ಪತ್ರಿಕೆಯದ್ದು. ಒಂದೊಂದೇ ಬಾಗಿಲು ತೆರೆದು, ಈ ನಗರ ಹೀಗೇಕಾಯಿತು ಎಂದು ತೋರಿಸುತ್ತಾ ಹೋಗುತ್ತಾರೆ.

ಬಾಲ್ಟಿಮೋರ್ ನಮಗೆ ಪೂರ್ತಿ ಪರಸ್ಥಳವೇನಲ್ಲ. ಅಮೆರಿಕದ ಮೊದಲ ಕಥೋಲಿಕ ಧರ್ಮಪ್ರಾಂತ್ಯ 1789ರಲ್ಲಿ ಸ್ಥಾಪನೆಯಾದದ್ದು ಅಲ್ಲೇ. 1806ರಲ್ಲಿ ಅಡಿಗಲ್ಲು ಹಾಕಿ 1821ರಲ್ಲಿ ಪ್ರತಿಷ್ಠೆಯಾದ ಅಲ್ಲಿನ ಬೆಸಿಲಿಕ ಆ ದೇಶದ ಮೊದಲ ಪ್ರಧಾನಾಲಯ. ಮೇರಿಲ್ಯಾಂಡಿನಲ್ಲಿ ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ 1829ರಲ್ಲಿ ಕಪ್ಪು ಮಕ್ಕಳಿಗೆ ಓದು ಕಲಿಸಲೆಂದು ಮಾತೆ ಮೇರಿ ಲ್ಯಾಂಗ್ ಕಪ್ಪು ಕನ್ಯಾಸ್ತ್ರೀಯರ ಸಭೆಯೊಂದನ್ನು ಕಟ್ಟಿದ್ದೂ ಅಲ್ಲೇ. ಪೋಲಿಷರು, ಜರ್ಮನರು, ಇಟಾಲಿಯನ್ನರು, ಲಿಥುವೇನಿಯದವರು ಬಂದರಿನ ಕೆಲಸಕ್ಕೆಂದು, ಕಾರ್ಖಾನೆ ಕೆಲಸಕ್ಕೆಂದು ಬಂದು ನೆಲೆಸಿ, ತಮ್ಮ ತಮ್ಮ ಭಾಷೆಯ ಚರ್ಚುಗಳನ್ನು ಕಟ್ಟಿಕೊಂಡರು. ಬೇರೆ ಭಾಷೆಯ ಊರಿನಲ್ಲಿ ತಾಯಿನುಡಿಯ ಪ್ರಾರ್ಥನೆ ಉಳಿಸಿಕೊಳ್ಳುವ ಆಸೆ ಏನೆಂದು ಗಡಿಯ ಈಚೆ ಇರುವ ನಮಗೆ ಯಾರೂ ವಿವರಿಸಬೇಕಿಲ್ಲ.

ಆದರೆ ಅದೇ ನಗರ 1910ರಲ್ಲಿ ಕಪ್ಪು ಜನ ಬಿಳಿಯರ ಬೀದಿಗೆ ಮನೆ ಮಾಡಿ ಬರಬಾರದೆಂದು ಕಾನೂನು ಮಾಡಿತು. ಅಮೆರಿಕದ ಸುಪ್ರೀಂ ಕೋರ್ಟು 1917ರಲ್ಲಿ ಅಂಥ ಕಾನೂನುಗಳನ್ನು ರದ್ದುಮಾಡಿದರೂ ಬೇಲಿ ಬೇರೆ ಬೇರೆ ರೂಪದಲ್ಲಿ ಉಳಿಯಿತು. ಆಮೇಲೆ ಉಕ್ಕಿನ ಕೆಲಸ ಹೋಯಿತು, ಬಂದರಿನ ಕೆಲಸ ಕಡಿಮೆಯಾಯಿತು, ಉಳ್ಳವರು ಹೊರವಲಯಕ್ಕೆ ಹೋದರು. 1950ರಲ್ಲಿ ಸುಮಾರು ಒಂಬತ್ತೂವರೆ ಲಕ್ಷವಿದ್ದ ಜನಸಂಖ್ಯೆ 2020ರ ಹೊತ್ತಿಗೆ ಆರು ಲಕ್ಷಕ್ಕಿಂತ ಕೆಳಗಿಳಿಯಿತು. ಸಾವಿರಾರು ಮನೆಗಳು ಹಲಗೆ ಹೊಡೆದು ಖಾಲಿ ಬಿದ್ದವು. ಧಾರಾವಾಹಿ ನಡೆಯುವುದು ಆ ಖಾಲಿ ಮನೆಗಳ ಸಾಲಿನಲ್ಲಿ.

ಜ್ವರ ಇಳಿಸುವ ಸುಲಭ ದಾರಿ

ನಮ್ಮ ಮನಸ್ಸಿಗೆ ಹೆಚ್ಚು ನಾಟಿದ್ದು ಗುಂಡಿನ ಚಕಮಕಿಯಲ್ಲ. ಪೊಲೀಸ್ ಇಲಾಖೆಯ ಒಂದು ಸಭಾಂಗಣ. ಅಲ್ಲಿ ವಾರವಾರ ಸಭೆ. ಪರದೆಯ ಮೇಲೆ ನಕ್ಷೆ, ಅಂಕಿಗಳು. ಒಬ್ಬೊಬ್ಬ ಠಾಣಾಧಿಕಾರಿಯೂ ಎದ್ದು ನಿಂತು ತನ್ನ ವಲಯದಲ್ಲಿ ಅಪರಾಧ ಎಷ್ಟು ಇಳಿಯಿತೆಂದು ಒಪ್ಪಿಸಬೇಕು. ಮೇಲಧಿಕಾರಿಗಳ ಆಜ್ಞೆ ಒಂದೇ: ಅಂಕಿ ಇಳಿಯಬೇಕು, ಶೇಕಡಾ ಐದಾದರೂ ಇಳಿಯಬೇಕು. ಹೇಗೆ ಎಂದು ಕೇಳುವವರಿಲ್ಲ. ಇಳಿಸಲಾಗದವನಿಗೆ ಎಲ್ಲರೆದುರು ಮಂಗಳಾರತಿ. ಆಗ ಅಧಿಕಾರಿಗಳು ಏನು ಮಾಡುತ್ತಾರೆ? ದೊಡ್ಡ ಅಪರಾಧವನ್ನು ಪುಸ್ತಕದಲ್ಲಿ ಸಣ್ಣದೆಂದು ಬರೆಯುತ್ತಾರೆ. ಬೀದಿಯಲ್ಲಿ ಸಿಕ್ಕ ಹುಡುಗರನ್ನೆಲ್ಲ ಹಿಡಿದು ಬಂಧನದ ಲೆಕ್ಕ ಏರಿಸುತ್ತಾರೆ. ಅಂಕಿ ಇಳಿಯುತ್ತದೆ, ಬೀದಿ ಇದ್ದ ಹಾಗೆಯೇ ಇರುತ್ತದೆ.

ಇದು ಬರೀ ಕಲ್ಪನೆಯಲ್ಲ. ಇಂಥ ಅಂಕಿ ಸಭೆಗಳ ಪದ್ಧತಿ 1994ರಲ್ಲಿ ನ್ಯೂಯಾರ್ಕ್ ಪೊಲೀಸರಲ್ಲಿ ಶುರುವಾಗಿ ಬೇರೆ ನಗರಗಳಿಗೆ, ಬಾಲ್ಟಿಮೋರಿಗೂ ಹಬ್ಬಿತು. ಎಲ್ಲಿ ತೊಂದರೆ ಇದೆಯೋ ಅಲ್ಲಿಗೆ ಸಹಾಯ ಕಳಿಸುವುದೇ ಅದರ ಮೂಲ ಉದ್ದೇಶ. ಒಳ್ಳೆಯ ಉದ್ದೇಶವೇ.

ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ನಮಗೆ ಮೊದಲು ಕಲಿಸಿದ ಪಾಠ, ಮಾಪಕವನ್ನು ಗೌರವಿಸಿ ಎನ್ನುವುದು. ಎರಡನೆಯ ಪಾಠ, ಮಾಪಕವನ್ನೇ ವಸ್ತುವೆಂದು ತಿಳಿಯಬೇಡಿ ಎನ್ನುವುದು. ಉತ್ತರ ಮೊದಲೇ ಗೊತ್ತಿದ್ದ ಪ್ರಯೋಗಗಳಲ್ಲಿ ನಾವೆಲ್ಲ ಹಿಂದುಮುಂದಾಗಿ ಲೆಕ್ಕ ಹಾಕಿ, ಪುಸ್ತಕದಲ್ಲಿದ್ದ ಉತ್ತರವೇ ಬರುವ ಹಾಗೆ ಅಳತೆಗಳನ್ನು ಬರೆದವರೇ. ಶಾಲೆಗೆ ಚಕ್ಕರ್ ಹಾಕಲು ಥರ್ಮಾಮೀಟರನ್ನು ಬಿಸಿ ಚಹಾದಲ್ಲಿ ಅದ್ದುವ ಹುಡುಗನ ಕಥೆ ನಿಮಗೆ ಗೊತ್ತಿರಬಹುದು. ಬಾಲ್ಟಿಮೋರಿನ ಅಧಿಕಾರಿಗಳು ಮಾಡಿದ್ದು ಅದರ ತಿರುಗುಮುರುಗು. ರೋಗಿಯ ಮೈ ಕಾದು ಕೆಂಡವಾಗಿದೆ. ಇವರು ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿ ಜ್ವರವಿಲ್ಲ ಎಂದು ಬರೆದರು.

ನಾಲ್ಕನೆಯ ಭಾಗದಲ್ಲಿ ಕೊಲೆಗಾರರು ಹೆಣಗಳನ್ನು ಖಾಲಿ ಮನೆಗಳಲ್ಲಿಟ್ಟು ಹಲಗೆ ಹೊಡೆದು ಮುಚ್ಚುತ್ತಾರೆ. ಹೆಣವಿಲ್ಲ, ಹಾಗಾಗಿ ಕೊಲೆಯೂ ಇಲ್ಲ. ಆ ವರ್ಷದ ಅಂಕಿ ಚೆನ್ನಾಗಿದೆ. ಫ್ರೀಮನ್ ಎಂಬ ಹಿರಿಯ ಪತ್ತೇದಾರ ಒಂದು ಬಾಗಿಲಿನ ಹೊಸ ಮೊಳೆಗಳನ್ನು ನೋಡಿ ಗುಟ್ಟು ಹಿಡಿಯುತ್ತಾನೆ. ಆಗ ಅವನ ಮೇಲಿನವನೊಬ್ಬ, ಆ ಬಾಗಿಲುಗಳನ್ನು ತೆಗೆಯಬೇಡ, ವರ್ಷದ ಕೊನೆಯಲ್ಲಿ ಇಷ್ಟು ಕೊಲೆಗಳು ನಮ್ಮ ಲೆಕ್ಕಕ್ಕೆ ಬಂದರೆ ಗತಿಯೇನು ಎಂದು ತಡೆಯುತ್ತಾನೆ. ಆ ಹಲಗೆಗಳ ಹಿಂದೆ ಇದ್ದವರು ಯಾರದೋ ಮಕ್ಕಳು. ಅವರ ತಾಯಂದಿರು ಇನ್ನೂ ಕಾಯುತ್ತಿದ್ದರು.

ಶಾಲೆಯಲ್ಲೂ ಅದೇ ಕಥೆ. ಪೊಲೀಸ್ ಕೆಲಸ ಬಿಟ್ಟು ಗಣಿತ ಮೇಷ್ಟರಾದ ಪ್ರೆಜ್‌ಬಿಲೂಸ್ಕಿ ಎಂಬ ಪಾತ್ರವಿದೆ. ಪರೀಕ್ಷೆಯ ಅಂಕ ಏರಿಸಲು ಉಳಿದ ಪಾಠವನ್ನೆಲ್ಲ ನಿಲ್ಲಿಸಿ ಪರೀಕ್ಷೆಯ ಪ್ರಶ್ನೆಗಳನ್ನೇ ತಿಕ್ಕಬೇಕೆಂದು ಆಜ್ಞೆ ಬಂದಾಗ, ತಾನು ಬಿಟ್ಟುಬಂದ ಇಲಾಖೆಯೇ ಇಲ್ಲೂ ಇದೆಯಲ್ಲ ಎಂದು ಅವನಿಗೆ ಹೊಳೆಯುತ್ತದೆ. ಮೊದಲ ಭಾಗದಲ್ಲಿ ಇನ್ನೊಂದು ಪುಟ್ಟ ದೃಶ್ಯ: ಮಾದಕವಸ್ತು ಮಾರುವ ಮಗುವೊಂದಕ್ಕೆ ಪಠ್ಯದ ಕೂಡು-ಕಳೆ ಲೆಕ್ಕ ಬರುವುದೇ ಇಲ್ಲ, ಅದೇ ಲೆಕ್ಕವನ್ನು ಪೊಟ್ಟಣಗಳ ಮೇಲೆ ಕೇಳಿದರೆ ತಟ್ಟನೆ ಸರಿ ಹೇಳುತ್ತದೆ. ಏಕೆಂದರೆ ಅಲ್ಲಿ ಲೆಕ್ಕ ತಪ್ಪಿದರೆ ಏಟು ಬೀಳುತ್ತದೆ.

ಇದು ಯಾರ ಪಾಪ?

ಇಲ್ಲಿಂದ ನಮ್ಮ ಶನಿವಾರದ ಜಗಳಗಳು ಶುರುವಾದವು. ತಪ್ಪು ಯಾರದು? ಠಾಣಾಧಿಕಾರಿ, ಮೇಲಿನವರ ಒತ್ತಡ ಎನ್ನುತ್ತಾನೆ. ಮೇಲಿನವರು, ಮೇಯರ್ ಒತ್ತಡ ಎನ್ನುತ್ತಾರೆ. ಮೇಯರ್, ಚುನಾವಣೆ ಎನ್ನುತ್ತಾನೆ. ಮತದಾರನಿಗೆ ಪತ್ರಿಕೆಯಲ್ಲಿ ಕಂಡದ್ದಷ್ಟೇ ಗೊತ್ತು. ಪತ್ರಿಕೆಯವನಿಗೆ ಬಹುಮಾನ ಬೇಕು. ಸುತ್ತಿ ಬಂದರೆ ಎಲ್ಲರೂ ಅವರವರ ಕೆಲಸ ಮಾಡಿದ್ದಾರೆ, ಒಂದು ಪೀಳಿಗೆಯ ಮಕ್ಕಳು ಹಾಳಾಗಿದ್ದಾರೆ. ನಮ್ಮಲ್ಲಿ ಅರ್ಧ ಜನ ವ್ಯವಸ್ಥೆಯೇ ಹಾಗಿದ್ದರೆ ಒಬ್ಬ ಏನು ಮಾಡಿಯಾನು ಎಂದರು. ಇನ್ನರ್ಧ, ವ್ಯವಸ್ಥೆ ಎಂದರೆ ಯಾರು, ಅದಕ್ಕೇನು ಕೈಕಾಲಿದೆಯೇ ಎಂದರು.

ಈ ಪ್ರಶ್ನೆ ಧರ್ಮಸಭೆಗೆ ಹೊಸದಲ್ಲ. ಸಂತ ಎರಡನೇ ಜಾನ್ ಪೌಲರು 1987ರಲ್ಲಿ ಬರೆದ ಸಾಮಾಜಿಕ ವಿಶ್ವಪತ್ರದಲ್ಲಿ ಪಾಪದ ರಚನೆಗಳ ಬಗ್ಗೆ ಮಾತಾಡುತ್ತಾರೆ. ಒಬ್ಬೊಬ್ಬರ ದುರಾಸೆ, ಭಯ, ಉದಾಸೀನ ಕೂಡಿ ಕೂಡಿ ಗಟ್ಟಿಯಾಗಿ ಗೋಡೆಯಾಗುತ್ತವೆ. ಆಮೇಲೆ ಆ ಗೋಡೆಯೇ ಮುಂದಿನವರನ್ನು ಪಾಪದ ಕಡೆಗೆ ತಳ್ಳುತ್ತದೆ ಎಂಬುದು ನಾವು ಗ್ರಹಿಸಿದ ಅರ್ಥ. ಗೋಡೆ ನಿಜ. ಅದರ ಇಟ್ಟಿಗೆಗಳು ಮನುಷ್ಯರು ಇಟ್ಟವು ಎಂಬುದೂ ಅಷ್ಟೇ ನಿಜ. ಎರಡರಲ್ಲಿ ಒಂದನ್ನು ಬಿಟ್ಟರೂ ನಾವು ತಪ್ಪಿಸಿಕೊಂಡ ಹಾಗೆ. ಗೋಡೆಯನ್ನು ಮರೆತವನು ಬಡವನನ್ನು ಬೈಯುತ್ತಾನೆ. ಇಟ್ಟಿಗೆಯನ್ನು ಮರೆತವನು ತನ್ನನ್ನು ಕ್ಷಮಿಸಿಕೊಳ್ಳುತ್ತಾನೆ.

ಕಾರ್ವರ್ ಎಂಬ ಪೊಲೀಸಿನವನ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ರ‍್ಯಾಂಡಿ ಎಂಬ ಹುಡುಗ ಶಾಲೆಯಲ್ಲಿ ತಪ್ಪಿಸಿಕೊಳ್ಳಲು ಒಂದು ಕೊಲೆಯ ಬಗ್ಗೆ ತನಗೆ ಗೊತ್ತೆಂದು ಬಾಯಿಬಿಡುತ್ತಾನೆ. ಮೇಷ್ಟರು ನಂಬಿಕೆಯಿಂದ ಪೊಲೀಸರಿಗೆ ತಿಳಿಸುತ್ತಾರೆ. ಕಾರ್ವರ್ ನಂಬಿಕೆಯಿಂದ ಗೆಳೆಯನೊಬ್ಬನಿಗೆ ವಹಿಸುತ್ತಾನೆ. ಆ ಗೆಳೆಯನ ಅಜಾಗರೂಕತೆಯಿಂದ ಹುಡುಗನ ಹೆಸರು ಬೀದಿಗೆ ಬೀಳುತ್ತದೆ. ಪೊಲೀಸರಿಗೆ ಸುದ್ದಿ ಕೊಟ್ಟವನೆಂದು ಅವನ ಮನೆಗೆ ಬೆಂಕಿ ಇಡುತ್ತಾರೆ. ಸಾಕಿದ ತಾಯಿ ಸುಟ್ಟು ಆಸ್ಪತ್ರೆ ಸೇರುತ್ತಾಳೆ. ಕಾರ್ವರ್ ಕಚೇರಿಗಳನ್ನು ಅಲೆಯುತ್ತಾನೆ, ತಾನೇ ಸಾಕಿಕೊಳ್ಳುತ್ತೇನೆ ಎನ್ನುತ್ತಾನೆ. ಅದಕ್ಕೆ ತಿಂಗಳುಗಟ್ಟಲೆ ಅರ್ಜಿ, ಪರಿಶೀಲನೆ. ಕೊನೆಗೆ ಹುಡುಗನನ್ನು ಅನಾಥ ಮಕ್ಕಳ ನಿಲಯಕ್ಕೆ ಬಿಟ್ಟು ಬಂದು, ಕಾರಿನಲ್ಲಿ ಕೂತು, ಸ್ಟೀರಿಂಗನ್ನು ಗುದ್ದುತ್ತಾನೆ. ಅಲ್ಲಿ ಯಾರೂ ಖಳನಾಯಕರಿಲ್ಲ. ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪ ಮಾತ್ರ ತಪ್ಪಿದರು. ಬಲಿಪೂಜೆಯ ಆರಂಭದಲ್ಲಿ ಮಾಡಿದ್ದಕ್ಕಷ್ಟೇ ಅಲ್ಲ, ಮಾಡದೆ ಬಿಟ್ಟದ್ದಕ್ಕೂ ನಾವು ಎದೆ ಬಡಿದುಕೊಳ್ಳುವುದು ಇದಕ್ಕೇ ಎಂದು ಆ ರಾತ್ರಿ ನಮಗೆ ಅರ್ಥವಾಯಿತು.

ಒಳ್ಳೆಯದಕ್ಕಾಗಿ ಒಂದು ಸುಳ್ಳು

ಹಾಗಾದರೆ ವ್ಯವಸ್ಥೆಯನ್ನು ಅದರ ಅಸ್ತ್ರದಿಂದಲೇ ಹೊಡೆಯಬಹುದೇ? ಐದನೆಯ ಭಾಗದಲ್ಲಿ ಮೆಕ್‌ನಲ್ಟಿ ಎಂಬ ಪತ್ತೇದಾರ ಇದನ್ನೇ ಮಾಡುತ್ತಾನೆ. ನಿಜವಾದ ಕೊಲೆಗಳ ತನಿಖೆಗೆ ಇಲಾಖೆ ದುಡ್ಡು ಕೊಡುವುದಿಲ್ಲ. ಆಗ ಅವನು ಸಹಜವಾಗಿ ಸತ್ತ ನಿರ್ಗತಿಕರ ಹೆಣಗಳನ್ನು ಕೊಲೆಯೆಂದು ತೋರಿಸಿ, ಇಲ್ಲದ ಒಬ್ಬ ಸರಣಿ ಕೊಲೆಗಾರನನ್ನು ಹುಟ್ಟಿಸುತ್ತಾನೆ. ಪತ್ರಿಕೆ ಬೊಬ್ಬೆ ಹಾಕುತ್ತದೆ, ದುಡ್ಡು ಬರುತ್ತದೆ, ನಿಜವಾದ ತನಿಖೆ ನಡೆಯುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಆ ಸುಳ್ಳನ್ನು ಓದಿ ಇನ್ನೊಬ್ಬ ಹುಚ್ಚ ನಿಜವಾಗಿಯೇ ನಿರ್ಗತಿಕರನ್ನು ಕೊಲ್ಲುತ್ತಾನೆ. ಒಳಿತು ಬರಲೆಂದು ಕೇಡು ಮಾಡೋಣ ಎನ್ನುವ ಮಾತನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಖಂಡಿಸಿದ್ದು ಸುಮ್ಮನೆ ಅಲ್ಲ.

ಎರಡನೆಯ ಭಾಗದ ಕಥೆ ನಮಗೆ ಇನ್ನೂ ಹತ್ತಿರದ್ದು. ಅದು ಶುರುವಾಗುವುದೇ ಒಂದು ಪೋಲಿಷ್ ಕಥೋಲಿಕ ಚರ್ಚಿನ ಬಣ್ಣದ ಗಾಜಿನ ಕಿಟಕಿಯಿಂದ. ಬಂದರು ಕೂಲಿಗಳ ಸಂಘದ ನಾಯಕ ಫ್ರಾಂಕ್ ಸೊಬೊಟ್ಕಾ ಚರ್ಚಿಗೆ ದುಬಾರಿ ಕಿಟಕಿಯೊಂದನ್ನು ದಾನ ಕೊಡುತ್ತಾನೆ. ಅದೇ ಜಾಗದಲ್ಲಿ ಪೊಲೀಸರ ಹೆಸರಿನ ಕಿಟಕಿ ಇಡಬೇಕೆಂದಿದ್ದ ಅಧಿಕಾರಿಗೆ ಹೊಟ್ಟೆಕಿಚ್ಚು. ಇವನಿಗೆ ಇಷ್ಟು ದುಡ್ಡು ಎಲ್ಲಿಂದ ಬಂತೆಂದು ತನಿಖೆ ಹಾಕಿಸುತ್ತಾನೆ. ದಾನದ ಕಲ್ಲಿನ ಮೇಲೆ ಯಾರ ಹೆಸರು ಮೇಲೆ ಬರಬೇಕೆಂಬ ಜಗಳ ಬಾಲ್ಟಿಮೋರಿನಲ್ಲೂ ಇದೆಯೆಂದು ನೋಡಿ ನಾವು ನಕ್ಕೆವು. ಆಮೇಲೆ ನಗು ನಿಂತಿತು. ಆ ದುಡ್ಡು ಕಳ್ಳಸಾಗಣೆಯದು. ಸೊಬೊಟ್ಕಾ ತನಗೆಂದು ಅದನ್ನು ಇಟ್ಟುಕೊಂಡವನಲ್ಲ. ಬಂದರಿಗೆ ಹಡಗು ಬರಲಿ, ತನ್ನ ಜನರಿಗೆ ಕೆಲಸ ಉಳಿಯಲಿ ಎಂದು ರಾಜಕಾರಣಿಗಳ ಕೈ ಬಿಸಿಮಾಡಲು ಬಳಸುತ್ತಾನೆ. ಪೆಟ್ಟಿಗೆಗಳಲ್ಲಿ ಏನಿದೆಯೆಂದು ಕೇಳುವುದಿಲ್ಲ. ಒಂದು ದಿನ ಒಂದು ಪೆಟ್ಟಿಗೆಯಲ್ಲಿ ಹದಿಮೂರು ಹೆಣ್ಣುಮಕ್ಕಳು ಉಸಿರುಕಟ್ಟಿ ಸತ್ತಿರುವುದು ಕಾಣುತ್ತದೆ. ಒಂದು ಸಣ್ಣ ಸಮುದಾಯವನ್ನು ಉಳಿಸುವ ಹಂಬಲ ಅವನನ್ನು ಅಲ್ಲಿಯವರೆಗೆ ತಂದಿತ್ತು.

ನಗರವೆಂದರೆ ಇಷ್ಟೇ ಅಲ್ಲ

ಈ ಧಾರಾವಾಹಿಯ ಮೇಲೆ ಒಂದು ದೂರಿದೆ, ಅದನ್ನೂ ಹೇಳಬೇಕು. ಆಗ ಮೇಯರ್ ಆಗಿದ್ದ ಮಾರ್ಟಿನ್ ಓಮ್ಯಾಲಿ ಅವರಿಗೆ ಇದು ಹಿಡಿಸಿರಲಿಲ್ಲ. ಬಾಲ್ಟಿಮೋರೆಂದರೆ ಬರೀ ಕೊಲೆ ಮತ್ತು ಮಾದಕವಸ್ತುವೇ ಎಂದು ಅಲ್ಲಿನ ಹಲವು ನಿವಾಸಿಗಳೂ ನೊಂದುಕೊಂಡರು. ಅವರ ನೋವು ನ್ಯಾಯವಾದದ್ದೇ. ಬೆಳಗ್ಗೆ ಬಸ್ಸು ಹಿಡಿದು ಆಸ್ಪತ್ರೆಯ ಕೆಲಸಕ್ಕೆ ಹೋಗಿ, ಸಂಜೆ ಮಕ್ಕಳ ಮನೆಪಾಠ ನೋಡುವ ತಾಯಿಯ ಕಥೆಗೆ ಇಲ್ಲಿ ಹೆಚ್ಚು ಜಾಗವಿಲ್ಲ. ಯೋನನು ನಿನೆವೆಯನ್ನು ದೂರದಿಂದ ನೋಡಿದಾಗ ಅವನಿಗೆ ಕಂಡದ್ದು ನಾಶಕ್ಕೆ ಅರ್ಹವಾದ ಊರು. ದೇವರಿಗೆ ಕಂಡದ್ದು ಎಡಗೈ ಬಲಗೈ ತಿಳಿಯದ ಒಂದು ಲಕ್ಷದ ಇಪ್ಪತ್ತು ಸಾವಿರ ಮಂದಿ, ಜೊತೆಗೆ ಅವರ ದನಕರುಗಳು.

ಆದರೆ ಈ ಕಥೆ ಬರೆದವರು ಯೋನನ ಹಾಗೆ ಊರ ಹೊರಗೆ ಕೂತು ನೋಡಿದವರಲ್ಲ. ಮೂರನೆಯ ಭಾಗದಲ್ಲಿ ಬರುವ ಚರ್ಚಿನ ಹಿರಿಯ ಸೇವಕನ ಪಾತ್ರ ಮಾಡಿದವರು ಮೆಲ್ವಿನ್ ವಿಲಿಯಮ್ಸ್. ಒಂದು ಕಾಲಕ್ಕೆ ಅದೇ ನಗರದ ಮಾದಕ ವ್ಯಾಪಾರದ ದೊಡ್ಡ ಹೆಸರು. ಅವರನ್ನು 1984ರಲ್ಲಿ ಬಂಧಿಸಿದವರಲ್ಲಿ ಎಡ್ ಬರ್ನ್ಸ್ ಒಬ್ಬರು. ತಾವೇ ಜೈಲಿಗೆ ಕಳಿಸಿದವನನ್ನು ಕರೆದು ಒಳ್ಳೆಯವನ ಪಾತ್ರ ಕೊಟ್ಟರು. ಮಾದಕವ್ಯಸನಿ ಬಬಲ್ಸ್ ಐದು ಭಾಗಗಳುದ್ದಕ್ಕೂ ಬಿದ್ದು ಎದ್ದು, ಕೊನೆಗೆ ಅಕ್ಕನ ಮನೆಯ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಬಂದು ಎಲ್ಲರ ಜೊತೆ ಊಟಕ್ಕೆ ಕೂರುತ್ತಾನೆ. ದುಂದುಗಾರ ಮಗನ ಕಥೆಗಿಂತ ಇದು ಬೇರೆಯಲ್ಲ. ಕಟ್ಟಿದ ಕೊಬ್ಬಿದ ಕರುವಿಲ್ಲ, ಅಷ್ಟೇ.

ನಿಜವಾದ ಬಾಲ್ಟಿಮೋರ್ ಏನಾಯಿತು? 2015ರಿಂದ 2022ರವರೆಗೆ ಪ್ರತಿವರ್ಷ ಅಲ್ಲಿ ಮುನ್ನೂರಕ್ಕಿಂತ ಹೆಚ್ಚು ಕೊಲೆಗಳಾದವು. 2024ರಲ್ಲಿ ಆ ಸಂಖ್ಯೆ 201ಕ್ಕೆ ಇಳಿಯಿತು. ಬೇರೆ ನಗರಗಳಲ್ಲೂ ಇಳಿದಿದೆ, ಕಾರಣಗಳು ಹಲವು. ಅವುಗಳಲ್ಲಿ ಒಂದು ನಮ್ಮ ಗಮನ ಸೆಳೆಯಿತು. ಧಾರಾವಾಹಿ ನಡೆಯುವ ಅದೇ ಪಶ್ಚಿಮ ವಲಯದಲ್ಲಿ 2022ರಲ್ಲಿ ಒಂದು ಹೊಸ ಕ್ರಮ ಶುರುವಾಯಿತು. ಕೊಲ್ಲುವ ಇಲ್ಲವೇ ಕೊಲೆಯಾಗುವ ಅಪಾಯ ಹೆಚ್ಚಿರುವ ಕೆಲವೇ ಜನರನ್ನು ಗುರುತಿಸಿ, ನೇರವಾಗಿ ಅವರನ್ನು ಮುಟ್ಟುವುದು. ಹೊರಬರುವೆಯಾದರೆ ಕೆಲಸ, ನೆರವು ಕೊಡುತ್ತೇವೆ. ಗುಂಡು ಹಾರಿಸುವೆಯಾದರೆ ಕಾನೂನು ಬಿಡುವುದಿಲ್ಲ ಎಂದು ಮುಖ ನೋಡಿ ಹೇಳುವುದು. ಅಂದರೆ ಬೀದಿಯನ್ನೆಲ್ಲ ಬಾಚಿ ಲೆಕ್ಕ ತುಂಬಿಸುವ ಬದಲು, ಹೆಸರು ಹಿಡಿದು ಹುಡುಕುವುದು.

ಇದೂ ಅಂಕಿಯೇ ಅಲ್ಲವೇ, ಈಗಷ್ಟೇ ಅಂಕಿಯನ್ನು ಬೈದಿರಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅರಸ ದಾವೀದನು ಜನಗಣತಿ ಮಾಡಿಸಿದ್ದು ಪಾಪವಾಯಿತು. ಆದರೆ ಯೇಸುಸ್ವಾಮಿ ಹೇಳಿದ ಕುರುಬನೂ ಎಣಿಸಿದವನೇ. ಎಣಿಸದಿದ್ದರೆ ನೂರರಲ್ಲಿ ಒಂದು ಕುರಿ ಇಲ್ಲವೆಂದು ಅವನಿಗೆ ತಿಳಿಯುತ್ತಿದ್ದುದು ಹೇಗೆ? ವ್ಯತ್ಯಾಸ ಎಣಿಕೆಯಾದ ಮೇಲಿನದ್ದು. ಬಾಲ್ಟಿಮೋರಿನ ಆ ಸಭಾಂಗಣದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಎಂದಿದ್ದರೆ ಚಪ್ಪಾಳೆ ಬೀಳುತ್ತಿತ್ತು, ಬಡ್ತಿ ಸಿಗುತ್ತಿತ್ತು. ಕುರುಬನು ತೊಂಬತ್ತೊಂಬತ್ತನ್ನು ಕೇಳಿ ಕೋಲು ಹಿಡಿದು ಕತ್ತಲಿಗೆ ಹೊರಟನು. ತನ್ನನ್ನು ತೋರಿಸಿಕೊಳ್ಳಲು ಎಣಿಸುವುದು ಒಂದು. ಇಲ್ಲದವನನ್ನು ಹುಡುಕಲು ಎಣಿಸುವುದು ಇನ್ನೊಂದು.

ನಮ್ಮ ಪುಸ್ತಕದ ಲೆಕ್ಕ

ಈಗ ಹೇಳಬೇಕಾದದ್ದಕ್ಕೆ ಬರುತ್ತೇವೆ.

ನಮ್ಮ ಧರ್ಮಪ್ರಾಂತ್ಯದಲ್ಲಿ ತಮಿಳರು ಹೆಚ್ಚು, ತೆಲುಗರಿದ್ದಾರೆ, ನಾವು ಕನ್ನಡದವರು ಹಿಡಿಯಷ್ಟು. ನಮಗೆ ಕನ್ನಡ ಬಲಿಪೂಜೆ ಇರುವುದು ತಿಂಗಳಿಗೊಂದು ಭಾನುವಾರ. ಬರುವವರ ಸಂಖ್ಯೆ ಕಡಿಮೆಯಾದರೆ ಅದೂ ನಿಂತೀತು ಎಂಬ ಭಯ ನಮ್ಮ ಅಜ್ಜಅಜ್ಜಿಯರ ಕಾಲದಿಂದ ಇದೆ. 2024ರಲ್ಲಿ ಬಾಲ್ಟಿಮೋರ್ ನಗರ ಮತ್ತು ಸುತ್ತಮುತ್ತಲ 61 ಧರ್ಮಕೇಂದ್ರಗಳನ್ನು 23ಕ್ಕೆ ಇಳಿಸುವ ತೀರ್ಮಾನವಾಯಿತು ಎಂದು ಓದಿದಾಗ, ಅಲ್ಲಿನ ಮುದುಕಮುದುಕಿಯರ ದುಃಖ ನಮಗೆ ಚೆನ್ನಾಗಿ ಅರ್ಥವಾಯಿತು. ಹಾಗಾಗಿ ಪ್ರತಿವರ್ಷ ಡಿಸೆಂಬರಿನಲ್ಲಿ ಯುವಕೂಟದ ವರದಿ ಬರೆಯುವಾಗ ನಾವು ಧಾರಾಳವಾಗಿ ಬರೆಯುತ್ತಾ ಬಂದಿದ್ದೇವೆ. ಹಿಂದಿನ ವರ್ಷ ಬರೆದದ್ದು ಮೂವತ್ತನಾಲ್ಕು. ನಿಜವಾಗಿ ಬರುತ್ತಿದ್ದವರು ಹತ್ತೊಂಬತ್ತು. ಬರೆಯಲು ಹೇಳಿದವರು ಯಾರೂ ಇಲ್ಲ. ಕನ್ನಡಕ್ಕಾಗಿ ತಾನೇ ಎಂದು ನಾವೇ ಬರೆದೆವು. ಸೊಬೊಟ್ಕಾನೂ ತನ್ನವರಿಗಾಗಿ ತಾನೇ ಎಂದುಕೊಂಡಿದ್ದನು.

ಆ ಮೂವತ್ತನಾಲ್ಕರಲ್ಲಿ ಒಬ್ಬ ಹುಡುಗನಿದ್ದ. ಗಡಿ ದಾಟಿ ಬೆಂಗಳೂರಿನ ಕಡೆ ಕೆಲಸಕ್ಕೆ ಹೋದವನು. ಎಂಟು ತಿಂಗಳು ಅವನು ಸಭೆಗೆ ಬರಲಿಲ್ಲ. ಎಂಟು ತಿಂಗಳೂ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗುರುತು ಹಾಕಿದವರು ನಾವೇ. ಆ ಅವಧಿಯಲ್ಲಿ ಅವನ ಕೆಲಸ ಹೋಗಿತ್ತು. ಬಾಡಿಗೆ ಕೋಣೆಯಲ್ಲಿ ಕಾಮಾಲೆ ಹಿಡಿದು ಮೂರು ವಾರ ಒಬ್ಬನೇ ಮಲಗಿದ್ದ. ನಮಗೆ ಇದು ತಿಳಿದದ್ದು, ಅವನ ತಾಯಿ ಪೂಜೆಗೆ ಹೆಸರು ಕೊಡಲು ಬಂದು ಕಣ್ಣೊರೆಸಿಕೊಂಡಾಗ. ಆಕೆ ನಮ್ಮನ್ನು ಬೈಯಲಿಲ್ಲ. ನೀವೆಲ್ಲ ಅವನ ಜೊತೆಗಿದ್ದೀರಿ ಎಂದುಕೊಂಡಿದ್ದೆ ಎಂದಷ್ಟೇ ಹೇಳಿದರು.

ಸುಳ್ಳು ಲೆಕ್ಕದ ನಿಜವಾದ ಕೇಡು ಯಾವುದೆಂದು ನಮಗೆ ಗೊತ್ತಾದದ್ದು ಅಂದು. ಮೇಲಿನವರಿಗೆ ಮೋಸವಾಯಿತು ಎಂಬುದು ಒಂದು. ಅದಕ್ಕಿಂತ ದೊಡ್ಡದು, ಇದ್ದಾನೆಂದು ಬರೆದ ಮೇಲೆ ಅವನನ್ನು ಹುಡುಕುವ ಕಾರಣವೇ ನಮಗೆ ಉಳಿಯಲಿಲ್ಲ. ಆ ಗುರುತು ಬಾಗಿಲಿಗೆ ಹೊಡೆದ ಹಲಗೆಯ ಹಾಗೆ. ಒಳಗೆ ಯಾರಿದ್ದಾರೆಂದು ನಾವು ನೋಡಲಿಲ್ಲ. ಪೂಜೆ ನಿಂತರೆ ಕನ್ನಡ ಹೋಗುತ್ತದೆಂದು ಹೆದರಿದೆವು. ಕನ್ನಡದಲ್ಲಿ ಹೇಗಿದ್ದೀಯ ಎಂದು ಒಂದು ಫೋನು ಮಾಡಲಿಲ್ಲ.

ಈ ವರ್ಷದ ವರದಿಯಲ್ಲಿ ಹತ್ತೊಂಬತ್ತು ಎಂದೇ ಬರೆದಿದ್ದೇವೆ. ಹೋದ ವರ್ಷದ ಅಂಕಿ ತಪ್ಪೆಂದೂ ಬರೆದಿದ್ದೇವೆ. ಗುರುಗಳ ಮುಂದಿಟ್ಟಾಗ ಅವರು ಎರಡು ಸಲ ಓದಿ, ಸಹಿ ಹಾಕಿ, ಉಳಿದ ಹದಿನೈದು ಜನ ಎಲ್ಲಿದ್ದಾರೆ ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ವರ್ಷ ಪೂಜೆಯ ವಿಷಯದಲ್ಲಿ ಏನಾಗುತ್ತದೋ ನಮಗೆ ತಿಳಿಯದು. ಭಯ ಹೋಗಿಲ್ಲ.

ಆ ಹುಡುಗನ ಮನೆಗೆ ಎರಡು ಸಲ ಹೋಗಿ ಬಂದೆವು. ಮೊದಲ ಸಲ ಅವನು ಒಳಗಿನಿಂದ ಬರಲಿಲ್ಲ. ಎರಡನೆಯ ಸಲ ಬಂದು ಕೂತು, ಕ್ರಿಕೆಟ್ ಮಾತಾಡಿದ. ಯುವಕೂಟದ ಮಾತು ನಾವೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಈಗ ಗುರುತಿಲ್ಲ. ಅದು ಖಾಲಿ ಇರುವುದರಿಂದಲೇ ಪುಸ್ತಕ ತೆರೆದಾಗಲೆಲ್ಲ ಕಣ್ಣು ಅಲ್ಲಿಗೆ ಹೋಗುತ್ತದೆ.

ಉಳಿದ ಹದಿನಾಲ್ಕು ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇವೆ. ಬರುವ ಎರಡನೆಯ ಭಾನುವಾರ ಕನ್ನಡ ಬಲಿಪೂಜೆಯಾದ ಮೇಲೆ ಧರ್ಮೋಪದೇಶದ ಕೋಣೆಯಲ್ಲಿ ಸೇರಿ, ಯಾರು ಯಾರ ಮನೆಗೆ ಹೋಗುವುದೆಂದು ಹಂಚಿಕೊಳ್ಳುತ್ತೇವೆ. ಅವರಲ್ಲಿ ಯಾರಾದರೂ ನಿಮ್ಮ ಬೀದಿಯವರಿರಬಹುದು, ನೆಂಟರಿರಬಹುದು. ಗೊತ್ತಿದ್ದವರು ಬಂದು ತಿಳಿಸಿ. ಎಷ್ಟು ಜನ ಬಂದಿರೆಂದು ಅಂದು ನಾವು ಬರೆದುಕೊಳ್ಳುವುದಿಲ್ಲ.

ನಿಮ್ಮ ಪ್ರಾರ್ಥನೆಗಳಲ್ಲಿ ನಮ್ಮನ್ನು ನೆನೆಯಿರಿ.

— ಯುವಕೂಟದ ಪರವಾಗಿ, ಸಂಯೋಜಕರು